ಇಳಿತದ ಪಂಕ್ತಿ

ಹಕ್ಕಿ ನೋಡುವ ಹುಚ್ಚು ಹತ್ತಿದ ಹೊಸತರಲ್ಲಿ, ಒಂದು ಜನವರಿಯ ಬೆಳಿಗ್ಗೆ, ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ದಂಡೆಗೆ ಹೋಗಿ ಕೂತಿದ್ದೆ. ಕಾಡಿನ ಹಕ್ಕಿ ನೋಡಿ ಅಭ್ಯಾಸವಾದವನು, ಸೂರ್ಯ ಹುಟ್ಟುವ ಮೊದಲೇ ಹಾಜರು. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಪುಸ್ತಕ, ಚೀಲದಲ್ಲಿ ಚಹಾದ ಫ್ಲಾಸ್ಕು. ಎರಡು ತಾಸು ಕಳೆದರೂ ಎದುರಿಗಿದ್ದದ್ದು ನೀರು, ಬರೀ ನೀರು. ಆಚೆ ತದಡಿಯ ದೋಣಿಗಳ ಮೇಲೆ ನಾಲ್ಕು ಕಾಗೆ, ಮೇಲೊಂದು ಗರುಡ. ಬುಟ್ಟಿ ಹಿಡಿದು ಬಂದು ಕಟ್ಟೆಯ ಮೇಲೆ ಕೂತ ಹೆಂಗಸೊಬ್ಬರು ನನ್ನ ಪಾಡು ನೋಡಿ ನಕ್ಕರು. "ಈಗೆಂತ ಕಾಣ್ತದೆ ತಮಾ? ನೀರು ಇಳೂಕೆ ಬೇಕು. ನಾವೂ ಅದಕ್ಕೇ ಕಾಯೂದು, ಹಕ್ಕಿನೂ ಅದಕ್ಕೇ ಕಾಯೂದು."

ನನ್ನ ಪುಸ್ತಕ ಹೇಳಿಕೊಡದ ಮೊದಲ ಪಾಠ ಇದು. ಕಾಡಿನಲ್ಲಿ ಹಕ್ಕಿಗಳನ್ನು ಎಬ್ಬಿಸುವವನು ಸೂರ್ಯ. ಅಳಿವೆಯಲ್ಲಿ ಆ ಕೆಲಸ ನೀರಿನದು. ಒಂಬತ್ತರ ಹೊತ್ತಿಗೆ ನದಿಯ ನಡುವೆ ಎಮ್ಮೆಯ ಬೆನ್ನಿನಂಥ ಕಂದು ದಿಬ್ಬವೊಂದು ಎದ್ದಿತು. ಅದರ ಪಕ್ಕ ಇನ್ನೊಂದು. ಹತ್ತಕ್ಕೆ ನೋಡಿದರೆ ಎದುರಿನ ನೀರೆಲ್ಲ ಹೋಗಿ ಹೊಳೆಯುವ ಕೆಸರಿನ ಬಯಲು. ಹೆಂಗಸರು ಸೀರೆ ಎತ್ತಿ ಕಟ್ಟಿ ಬಳಚು ಎಂಬ ಚಿಪ್ಪಿ ಆರಿಸಲು ಇಳಿದರು. ಅವರ ತಲೆಯ ಮೇಲಿಂದ, ನನ್ನ ಬೆನ್ನ ಹಿಂದಿನ ಗಜನಿ ಗದ್ದೆಗಳ ಕಡೆಯಿಂದ, ಹಿಡಿ ಹಿಡಿ ಅಕ್ಷತೆ ಎರಚಿದ ಹಾಗೆ ಹಕ್ಕಿಗಳು ಬಂದು ಕೆಸರಿಗಿಳಿದವು. ಆವರೆಗೂ ಅವು ಇದ್ದದ್ದು ನನ್ನ ಹಿಂದೆ. ನಾನು ತಪ್ಪು ದಿಕ್ಕಿಗೆ, ತಪ್ಪು ಹೊತ್ತಿನಲ್ಲಿ ದುರ್ಬೀನು ಹಿಡಿದು ಕೂತಿದ್ದೆ.

ನಮ್ಮ ಪಕ್ಷಿ ಪುಸ್ತಕಗಳಲ್ಲಿ ಇವಕ್ಕೆ ಗೊರವ ಎಂದು ಹೆಸರು. ಗೊರವ ಎಂದೊಡನೆ ಕಂಬಳಿ ಹೊದ್ದು ಊರೂರು ಅಲೆಯುವ ಮೈಲಾರಲಿಂಗನ ಗೊರವಯ್ಯ ನೆನಪಾಗುತ್ತಾನೆ. ಈ ಹಕ್ಕಿಗಳೂ ಹಾಗೆಯೇ. ಮಣ್ಣಿನ ಬಣ್ಣದ ಮೈ, ನೀಳ ಕಾಲು, ವರ್ಷಕ್ಕೆ ಎರಡು ಸಲ ಖಂಡ ದಾಟುವ ಅಲೆದಾಟ. ಇವು ಬಂದಿಳಿಯುವ ಅಘನಾಶಿನಿ ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಅಣೆಕಟ್ಟೆಗೆ ಸಿಕ್ಕಿಬೀಳದೆ ಕಡಲು ಸೇರುವ ನದಿ. ಇದರ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. 1971ರಲ್ಲಿ ಇರಾನಿನ ರಾಮ್ಸರ್ ಊರಿನಲ್ಲಿ ಆದ ಒಪ್ಪಂದದಂತೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳನ್ನು ಗುರುತಿಸುವ ಪಟ್ಟಿ ಅದು.

ಚಂದ್ರನ ಗಡಿಯಾರ

ಕಡಲು ದಿನಕ್ಕೆ ಎರಡು ಸಲ ಉಬ್ಬಿ ಎರಡು ಸಲ ಇಳಿಯುತ್ತದೆ. ಒಂದು ಭರತದಿಂದ, ಅಂದರೆ ಉಬ್ಬರದಿಂದ, ಮುಂದಿನ ಭರತಕ್ಕೆ ಸುಮಾರು 12 ತಾಸು 25 ನಿಮಿಷ. ಭೂಮಿ ಒಂದು ಸುತ್ತು ತಿರುಗಿ ಮುಗಿಸುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಸಾಗಿರುತ್ತಾನೆ. ಅವನನ್ನು ಹಿಡಿಯಲು ಭೂಮಿ ಇನ್ನಷ್ಟು ತಿರುಗಬೇಕು. ಹೀಗಾಗಿ ನಿನ್ನೆ ಒಂಬತ್ತಕ್ಕೆ ಇಳಿದ ನೀರು ಇಂದು ಇಳಿಯುವುದು ಹತ್ತು ಗಂಟೆಗೆ ಹತ್ತು ನಿಮಿಷ ಇರುವಾಗ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯನ ಸೆಳೆತವೂ ಚಂದ್ರನ ಜೊತೆಗೂಡಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಮಂದ. ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿ ಈ ಏರಿಳಿತ ಹತ್ತು ಮೀಟರ್ ಮುಟ್ಟಿದರೆ ನಮ್ಮ ಕರಾವಳಿಯಲ್ಲಿ ಎರಡು ಮೀಟರ್ ಆದರೆ ಹೆಚ್ಚು. ಆದರೆ ಅಳಿವೆಯ ತಳ ತಟ್ಟೆಯ ಹಾಗೆ ಚಪ್ಪಟೆ. ಎರಡು ಮೀಟರ್ ನೀರು ಇಳಿದರೆ ನೂರಾರು ಎಕರೆ ಕೆಸರು ಬಯಲಾಗುತ್ತದೆ.

ಗೊರವದ ಊಟದ ವೇಳೆಯನ್ನು ಗೊತ್ತು ಮಾಡುವುದು ಈ ಗಡಿಯಾರ. ಅದಕ್ಕೆ ಹಗಲು ರಾತ್ರಿಯ ಹಂಗಿಲ್ಲ. ನಡುರಾತ್ರಿ ನೀರು ಇಳಿದರೆ ಹಕ್ಕಿ ನಡುರಾತ್ರಿಯೇ ಉಣ್ಣುತ್ತದೆ, ಹಗಲು ನೀರು ತುಂಬಿದ್ದರೆ ನಿದ್ದೆ ಹೊಡೆಯುತ್ತದೆ. ತಿಂಗಳಿಡೀ ಅದರ ದಿನಚರಿ ಗಡಿಯಾರದ ಮುಖದ ಮೇಲೆ ಜಾರುತ್ತಲೇ ಇರುತ್ತದೆ. ಹಕ್ಕಿ ನೋಡಲು ಹೊರಟವನು ಮೊದಲು ನೀರನ್ನು ಓದಲು ಕಲಿಯಬೇಕು ಅನ್ನುವುದು ಇದಕ್ಕೇ.

ಕೊಕ್ಕಿಗೊಂದು ಎಲೆ

ಕೆಸರಿನ ಬಯಲು ದೂರದಿಂದ ಖಾಲಿ. ದುರ್ಬೀನು ಹಿಡಿದು ಒಂದೇ ಜಾಗವನ್ನು ಹತ್ತು ನಿಮಿಷ ನೋಡಿದರೆ ಅದೊಂದು ಪಂಕ್ತಿ ಭೋಜನ. ಎಲ್ಲರೂ ಒಟ್ಟಿಗೆ ಕೂತಿದ್ದಾರೆ, ಆದರೆ ಒಬ್ಬರ ಎಲೆಗೆ ಇನ್ನೊಬ್ಬರ ಕೈ ತಾಗುವುದಿಲ್ಲ. ಎಲೆಗಳನ್ನು ಹಾಕಿರುವುದು ಒಂದರ ಪಕ್ಕ ಒಂದಲ್ಲ, ಒಂದರ ಕೆಳಗೆ ಒಂದು.

ಎಲ್ಲಕ್ಕಿಂತ ಮೇಲಿನ ಎಲೆ ಕೂದಲೆಳೆಯಷ್ಟು ತೆಳು. ಇಳಿತದ ಬಿಸಿಲಿಗೆ ಕೆಸರಿನ ಮೇಲೆ ಹೊಂಬಣ್ಣದ ಲೇಪವೊಂದು ಹೊಳೆಯುತ್ತದಲ್ಲ, ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಬ್ಯಾಕ್ಟೀರಿಯಾ ಮತ್ತು ಅವು ಸ್ರವಿಸಿದ ಅಂಟು ಸೇರಿ ಆದ ಪೊರೆ. ಕೆನಡಾದ ಶಾಂತಸಾಗರ ತೀರದಲ್ಲಿ ವೆಸ್ಟರ್ನ್ ಸ್ಯಾಂಡ್‌ಪೈಪರ್ ಎಂಬ ಪುಟ್ಟ ಗೊರವ ನಾಲಿಗೆಯ ಅಂಚಿನ ರೋಮಗಳಿಂದ ಈ ಪೊರೆಯನ್ನೇ ನೆಕ್ಕಿ ತಿನ್ನುತ್ತದೆ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಹುಳ ಹೆಕ್ಕುತ್ತಿದೆ ಎಂದು ಎಲ್ಲರೂ ನಂಬಿದ್ದ ಹಕ್ಕಿ ದೋಸೆ ಹೆಂಚಿನ ಮೇಲಿನ ಎಣ್ಣೆ ಸವರಿದಂತೆ ಕೆಸರಿನ ಕೆನೆ ಸವರುತ್ತಿತ್ತು.

ಅದರ ಕೆಳಗಿನದು ಪ್ಲೋವರುಗಳ ಎಲೆ. ಗುಂಡು ತಲೆ, ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ಇವು ಕಣ್ಣಿನಿಂದ ಬೇಟೆಯಾಡುತ್ತವೆ. ನಾಲ್ಕು ಹೆಜ್ಜೆ ಓಡಿ, ಥಟ್ಟನೆ ನಿಂತು, ಮೇಲ್ಮೈಯಲ್ಲಿ ಏನಾದರೂ ಅಲುಗಿದರೆ ಕುಟುಕಿ, ಮತ್ತೆ ಓಟ. ಎಷ್ಟೇ ದೂರದಿಂದ ನೋಡಿದರೂ ಈ ಓಡು-ನಿಲ್ಲು ಆಟದಿಂದಲೇ ಪ್ಲೋವರನ್ನು ಗುರುತಿಸಬಹುದು. ಬಣ್ಣ ನೋಡಿ ಹೆಸರು ಹೇಳುವ ಹಟ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಚಳಿಗಾಲದಲ್ಲಿ ಇವೆಲ್ಲ ಕೆಸರಿನ ಬಣ್ಣದವೇ. ನಡಿಗೆ ನೋಡಿ ಹೇಳಬೇಕು, ಊರಿನವರು ಕತ್ತಲಲ್ಲೂ ಕೆಮ್ಮು ಕೇಳಿ ಇಂಥವರೇ ಬಂದರು ಎನ್ನುವ ಹಾಗೆ.

ಇನ್ನೂ ಕೆಳಗಿನದು ಕೆಂಪುಕಾಲಿನ ರೆಡ್‌ಶ್ಯಾಂಕ್‌ನ ಪಾಲು, ಸುಮಾರು ನಾಲ್ಕು ಸೆಂಟಿಮೀಟರ್ ಆಳ. ತೀರಾ ತಳದ ಎಲೆ ಕರ್ಲ್ಯೂಗೆ ಮೀಸಲು. ಕುಡುಗೋಲಿನಂತೆ ಕೆಳಕ್ಕೆ ಬಾಗಿದ ಅದರ ಕೊಕ್ಕು 15 ಸೆಂಟಿಮೀಟರ್ ದಾಟುವುದುಂಟು. ಹೆಣ್ಣಿನ ಕೊಕ್ಕು ಗಂಡಿನದಕ್ಕಿಂತ ಉದ್ದ, ಅಂದರೆ ಒಂದೇ ಜಾತಿಯೊಳಗೂ ಗಂಡನ ಎಲೆ ಬೇರೆ, ಹೆಂಡತಿಯ ಎಲೆ ಬೇರೆ.

ಕರ್ಲ್ಯೂವಿನ ಸೋದರ ಸಂಬಂಧಿ ವಿಂಬ್ರೆಲ್ ಏಡಿ ಹಿಡಿಯುವುದನ್ನು ಒಮ್ಮೆ ಹತ್ತಿರದಿಂದ ನೋಡಿದೆ. ಒಂದು ಕೊಂಬು ಮಾತ್ರ ಭಾರಿ ದೊಡ್ಡದಾಗಿರುವ ಪಿಟೀಲು ಏಡಿಗಳು ಬಿಲದ ಬಾಯಲ್ಲಿ ಅದನ್ನು ಬೀಸುತ್ತಿದ್ದವು. ವಿಂಬ್ರೆಲ್ ಅವುಗಳ ಕಡೆ ನೋಡದೆ ಬೇರೆಲ್ಲೋ ಹೊರಟವನ ಹಾಗೆ ನಡೆದು ಬಂತು. ಏಡಿಗಳೆಲ್ಲ ಮಾಯ. ಹಕ್ಕಿ ನಿಂತಿತು, ತಲೆ ಓರೆ ಮಾಡಿತು, ಒಂದು ಬಿಲದೊಳಗೆ ಕೊಕ್ಕು ಇಳಿಸಿತು. ಬಾಗಿದ ಬಿಲಕ್ಕೆ ಬಾಗಿದ ಕೊಕ್ಕು. ಕತ್ತನ್ನು ಕೊಂಚ ಹೊರಳಿಸಿದೊಡನೆ ಕೀಲಿ ತಿರುಗಿದಂತೆ ಒಳಗೆ ಹೋಯಿತು. ಹೊರಬಂದಾಗ ತುದಿಯಲ್ಲಿ ಏಡಿ. ಅದನ್ನು ಎರಡು ಸಲ ಜಾಡಿಸಿತು. ಕೊಂಬು ಹಾರಿ ಅತ್ತ ಬಿತ್ತು, ಒಂದೆರಡು ಕಾಲು ಇತ್ತ. ಪಕ್ಕದ ಕುಣಿಯ ನೀರಲ್ಲಿ ಅದ್ದಿ ತೊಳೆದು ನುಂಗಿತು. ಇಡೀ ಕೆಲಸಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಕಾಲಿಗೆ ಗೊತ್ತಾಗ್ತದೆ

ಏಡಿಗಾದರೆ ಬಿಲ ಕಾಣುತ್ತದೆ. ಕೆಸರಿನೊಳಗೆ ಹೂತಿರುವ ಚಿಪ್ಪಿ ಕಾಣುವುದೇ ಇಲ್ಲ. ಬಳಚು ಆರಿಸುತ್ತಿದ್ದ ಅದೇ ಹೆಂಗಸನ್ನು ಕೇಳಿದೆ, ಎಲ್ಲಿದೆ ಅಂತ ಹೇಗೆ ತಿಳಿಯುತ್ತದೆ ಅಂತ. "ಕಾಲಿಗೆ ಗೊತ್ತಾಗ್ತದೆ" ಎಂದರು. ಹಿಮ್ಮಡಿಯಲ್ಲಿ ಕೆಸರನ್ನು ಒತ್ತುತ್ತಾ ಹೋಗಿ, ಗಟ್ಟಿ ತಗುಲಿದ ಕಡೆ ಬಗ್ಗಿ ಕೈ ಹಾಕುತ್ತಿದ್ದರು. ಪಕ್ಕದಲ್ಲೇ ಗೊರವಗಳು ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಚುಚ್ಚುತ್ತಾ ಅದೇ ಕೆಲಸ ಮಾಡುತ್ತಿದ್ದವು.

ಗೊರವದ ಕೊಕ್ಕಿನ ತುದಿಯ ಮೂಳೆಯಲ್ಲಿ ಜೇನುಗೂಡಿನಂತೆ ಸಣ್ಣ ಸಣ್ಣ ಗುಳಿಗಳಿವೆ. ಅವುಗಳೊಳಗೆ ಒತ್ತಡ, ಕಂಪನಗಳನ್ನು ಗ್ರಹಿಸುವ ನರದ ತುದಿಗಳು. ನೆದರ್‌ಲ್ಯಾಂಡ್ಸಿನ ಥ್ಯೂನಿಸ್ ಪಿಯರ್ಸ್ಮಾ ಮತ್ತು ಸಂಗಡಿಗರು ರೆಡ್ ನಾಟ್ ಎಂಬ ಗೊರವದ ಮೇಲೆ ಪ್ರಯೋಗ ನಡೆಸಿ 1998ರಲ್ಲಿ ಪ್ರಕಟಿಸಿದರು. ಒದ್ದೆ ಮರಳು ತುಂಬಿದ ಬಕೆಟುಗಳು, ಕೆಲವದರಲ್ಲಿ ಕೊಕ್ಕಿಗೆ ಎಟುಕದ ಆಳದಲ್ಲಿ ಹೂತಿಟ್ಟ ವಸ್ತು. ಹಕ್ಕಿಗಳು ಮುಟ್ಟದೆಯೇ ಯಾವುದರಲ್ಲಿ ಏನೋ ಇದೆ, ಯಾವುದರಲ್ಲಿ ಇಲ್ಲ ಎಂದು ಹೇಳಿದವು. ವಾಸನೆ ಇರಬಹುದೆಂದು ಚಿಪ್ಪಿಯ ಬದಲು ಕಲ್ಲು ಹೂತಿಟ್ಟರೂ ತಪ್ಪಲಿಲ್ಲ. ಸಂಶೋಧಕರು ಕೊಟ್ಟ ವಿವರಣೆ ಹೀಗಿದೆ: ಕೊಕ್ಕನ್ನು ಪದೇ ಪದೇ ಚುಚ್ಚಿದಾಗ ಮರಳ ಕಣಗಳ ನಡುವಿನ ನೀರು ಅದುಮಿಕೊಂಡು ಸುತ್ತಲೂ ಹರಿಯಲು ನೋಡುತ್ತದೆ. ದಾರಿಯಲ್ಲಿ ಗಟ್ಟಿ ವಸ್ತು ಇದ್ದರೆ ಹರಿವಿಗೆ ಅಡ್ಡಿಯಾಗಿ ಆ ಕಡೆಯ ಒತ್ತಡ ಬೇರೆಯಾಗುತ್ತದೆ. ಈ ವ್ಯತ್ಯಾಸವನ್ನು ಕೊಕ್ಕಿನ ತುದಿ ಓದುತ್ತದೆ. ಹಿಮ್ಮಡಿಗೆ ಗಟ್ಟಿ ತಗುಲಬೇಕು. ಕೊಕ್ಕಿಗೆ ತಗುಲಲೂ ಬೇಕಿಲ್ಲ.

ಸಿಕ್ಕಿದ್ದನ್ನು ಹಿಡಿಯುವುದೂ ಸುಲಭವಲ್ಲ. ಬೆರಳುದ್ದದ ಇಕ್ಕಳವನ್ನು ಕೆಸರಿನೊಳಗೆ ಹುಗಿದು ಬಾಯಿ ತೆರೆಯಲು ಹೋದರೆ ಇಡೀ ಕೆಸರನ್ನೇ ಎತ್ತಬೇಕಾಗುತ್ತದೆ. ಉದ್ದ ಕೊಕ್ಕಿನ ಗೊರವಗಳಲ್ಲಿ ಮೇಲ್ಕೊಕ್ಕಿನ ತುದಿಯಷ್ಟೇ ಬಾಗಿ ಮೇಲೇಳುತ್ತದೆ. ಉಳಿದ ಕೊಕ್ಕು ಮುಚ್ಚಿಕೊಂಡಿದ್ದಂತೆ ತುದಿ ಮಾತ್ರ ಬಾಯಿಬಿಟ್ಟು ಹುಳವನ್ನು ಕಚ್ಚುತ್ತದೆ.

ಭರತದ ಹೊತ್ತು

ನೀರು ಮತ್ತೆ ಏರತೊಡಗಿದಾಗ ಪಂಕ್ತಿ ಏಳುತ್ತದೆ. ಮೊದಲು ಹಕ್ಕಿಗಳು ನೀರಿನಂಚಿನ ಜೊತೆ ಹಿಂದೆ ಹಿಂದೆ ಸರಿಯುತ್ತವೆ, ಅಂದರೆ ನೋಡುವವನ ಕಡೆಗೆ ಬರುತ್ತವೆ. ಪೂರ್ಣ ಭರತಕ್ಕೆ ಎರಡು ತಾಸು ಮುಂಚೆ ದಂಡೆಯಲ್ಲಿ ಮಿಸುಕದೆ ಕೂತವನಿಗೆ ಸಿಗುವಷ್ಟು ಹತ್ತಿರದ ನೋಟ ಬೇರೆ ಹೊತ್ತಿನಲ್ಲಿ ಸಿಗದು. ಕೊನೆಯ ಕೆಸರೂ ಮುಳುಗಿದಾಗ ಅವು ಒಟ್ಟಾಗಿ ಎದ್ದು ಗಜನಿಯ ಬದುಗಳಿಗೋ ಸಾಣಿಕಟ್ಟಾದ ಉಪ್ಪಿನ ಗದ್ದೆಗಳಿಗೋ ಹೋಗಿ ಇಳಿಯುತ್ತವೆ. ಎಲ್ಲವೂ ಗಾಳಿಗೆ ಮುಖಮಾಡಿ ನಿಂತು, ಒಂದು ಕಾಲು ಎತ್ತಿ ಗರಿಯೊಳಗೆ ಹುದುಗಿಸಿ, ಕೊಕ್ಕನ್ನು ಬೆನ್ನಿಗೆ ಸಿಕ್ಕಿಸಿಕೊಂಡರೆ ಮುಗಿಯಿತು, ಇನ್ನು ನೀರಿಳಿಯುವವರೆಗೆ ವಿಶ್ರಾಂತಿ.

ಗಜನಿ ಎಂದರೆ ಕಡಲು ಮತ್ತು ರೈತ ಪಾಳಿ ಮೇಲೆ ಬೇಸಾಯ ಮಾಡುವ ನೆಲ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಒಡ್ಡಿನ ಬಾಗಿಲು ತೆರೆದು ಉಪ್ಪುನೀರು ಬಿಟ್ಟುಕೊಂಡು ಸಿಗಡಿ, ಮೀನು. ಕೊಯ್ಲಿನಲ್ಲಿ ಉದುರಿದ ಕಾಳು, ಕೊಳೆಯುವ ಹುಲ್ಲು, ಅದರಲ್ಲಿ ಹುಟ್ಟುವ ಹುಳುಹುಪ್ಪಟೆ ಬಾತುಗಳನ್ನು ಕರೆಯುತ್ತವೆ. ಇಲ್ಲೇ ಇರುವ ಸಿಳ್ಳೆ ಬಾತು, ಉತ್ತರದಿಂದ ಬರುವ ಬಿಳಿಹುಬ್ಬಿನ ಬಾತು, ಸೂಜಿಬಾಲದ ಬಾತು ಇಂಥ ನೀರನ್ನು ಇಷ್ಟಪಡುವಂಥವು. ಗೊರವದ ಕೊಕ್ಕು ಸೂಜಿಯಾದರೆ ಬಾತಿನದು ಜರಡಿ. ಕೊಕ್ಕಿನ ಒಳ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳ ಸಾಲು. ನಾಲಿಗೆ ಪಂಪಿನಂತೆ ನೀರನ್ನು ಎಳೆದು ಅಂಚಿನಿಂದ ಹೊರಕ್ಕೆ ತಳ್ಳಿದಾಗ ಕಾಳು, ಹುಳ ಒಳಗೇ ಉಳಿಯುತ್ತವೆ.

ಬಾತುಗಳ ನಿದ್ದೆಯ ಕತೆಯೂ ಕೇಳುವಂಥದು. 1999ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ನೀಲ್ಸ್ ರಾಟನ್‌ಬೋರ್ಗ್ ಮತ್ತು ಸಂಗಡಿಗರು ಮಲ್ಲಾರ್ಡ್ ಬಾತುಗಳನ್ನು ಸಾಲಾಗಿ ಇರಿಸಿ ಮಿದುಳಿನ ಅಲೆಗಳನ್ನು ದಾಖಲಿಸಿದರು. ಸಾಲಿನ ನಡುವಿನವು ಹೆಚ್ಚಾಗಿ ಎರಡೂ ಕಣ್ಣು ಮುಚ್ಚಿ ಮಲಗಿದವು. ತುದಿಯಲ್ಲಿದ್ದವು ಅವಕ್ಕಿಂತ ಹೆಚ್ಚು ಹೊತ್ತು ಹೊರಗಿನ ಕಡೆಯ ಕಣ್ಣನ್ನು ತೆರೆದಿಟ್ಟು, ಮಿದುಳಿನ ಅರ್ಧ ಭಾಗವನ್ನು ಎಚ್ಚರವಿರಿಸಿ, ಇನ್ನರ್ಧದಲ್ಲಿ ನಿದ್ದೆ ಮಾಡಿದವು. ಹಿಂಡಿನ ಅಂಚಿನಲ್ಲಿರುವ ಹಕ್ಕಿ ನಿಮ್ಮನ್ನು ಒಂದೇ ಕಣ್ಣಲ್ಲಿ ನೋಡುತ್ತಿದ್ದರೆ ಅದು ಅರ್ಧ ನಿದ್ದೆಯಲ್ಲಿರಬಹುದು. ಇನ್ನೊಂದು ಹೆಜ್ಜೆ ಮುಂದಿಟ್ಟು ಉಳಿದರ್ಧವನ್ನೂ ಎಬ್ಬಿಸಬೇಡಿ.

ಕೈಲಾಸದಿಂದ ಗೋಕರ್ಣಕ್ಕೆ

ಅಳಿವೆಯ ಉತ್ತರಕ್ಕೆ ಗೋಕರ್ಣ. ರಾವಣ ಕೈಲಾಸದಿಂದ ಆತ್ಮಲಿಂಗ ತಂದು ಕೆಳಗಿಟ್ಟು ಸೋತ ಊರು. ನಮ್ಮ ಕೆಸರಿನಲ್ಲಿ ಓಡಿ ನಿಲ್ಲುವ ಪುಟ್ಟ ಸ್ಯಾಂಡ್ ಪ್ಲೋವರಿನದೂ ಅದೇ ದಾರಿ. ಈಚೆಗೆ ಟಿಬೆಟಿನ ಸ್ಯಾಂಡ್ ಪ್ಲೋವರ್ ಎಂದೇ ಪ್ರತ್ಯೇಕ ಹೆಸರು ಪಡೆದಿರುವ ಇದು ಮೊಟ್ಟೆಯಿಡುವುದು ಟಿಬೆಟ್, ಲಡಾಖ್ ಕಡೆಯ ಎತ್ತರದ ಬಯಲುಗಳಲ್ಲಿ. ಜಗತ್ತಿನ ಮಾಳಿಗೆಯಲ್ಲಿ ಹುಟ್ಟಿ ಕಡಲ ಮಟ್ಟದಲ್ಲಿ ಚಳಿಗಾಲ ಕಳೆಯುವ ಹಕ್ಕಿ. ಕರ್ಲ್ಯೂ ಸ್ಯಾಂಡ್‌ಪೈಪರ್ ಇನ್ನೂ ದೂರದ್ದು, ಸೈಬೀರಿಯಾದ ಉತ್ತರ ತುದಿಯ ತೈಮಿರ್ ಕಡೆಯದು. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ, ಕೀಟಗಳಿಗೆ ಲೆಕ್ಕವಿಲ್ಲ, ಮರಿಗಳು ಮೊಟ್ಟೆಯೊಡೆದ ದಿನವೇ ತಾವಾಗಿ ಹೆಕ್ಕಿ ತಿನ್ನುತ್ತವೆ. ಆದರೆ ಆ ಸಿರಿ ಕೆಲವೇ ವಾರಗಳದು. ಮೊದಲು ಗಂಡುಗಳು, ಆಮೇಲೆ ತಾಯಂದಿರು ದಕ್ಷಿಣಕ್ಕೆ ಹೊರಟುಬಿಡುತ್ತವೆ. ಕೊನೆಗೆ ಹೊರಡುವ ಮರಿಗಳಿಗೆ ದಾರಿ ತೋರಿಸುವವರು ಯಾರೂ ಇಲ್ಲ. ದಿಕ್ಕು ಅವುಗಳ ರಕ್ತದಲ್ಲೇ ಇದೆ.

ಅಂಥ ಮರಿಯೊಂದು ಎಷ್ಟು ದೂರ ಹಾರಬಲ್ಲದು? 2022ರ ಅಕ್ಟೋಬರಿನಲ್ಲಿ, ಬೆನ್ನಿಗೆ ಉಪಗ್ರಹ ಸಾಧನ ಹೊತ್ತ ಬಾರ್-ಟೇಲ್ಡ್ ಗಾಡ್ವಿಟ್ ಎಂಬ ಗೊರವ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ದೂರವನ್ನು 11 ದಿನಗಳಲ್ಲಿ, ಎಲ್ಲೂ ಇಳಿಯದೆ, ಹನಿ ನೀರು ಕುಡಿಯದೆ ದಾಟಿತು. ಅದಕ್ಕೆ ಆಗ ಸುಮಾರು ಐದು ತಿಂಗಳು ವಯಸ್ಸು. ಗೊರವ ಬಾತಿನ ಹಾಗೆ ನೀರಿನ ಮೇಲೆ ತೇಲುತ್ತಾ ದಣಿವಾರಿಸಿಕೊಳ್ಳುವ ಹಕ್ಕಿಯಲ್ಲ. ಅಲಾಸ್ಕಾದಿಂದ ಹೊರಡುವ ಗಾಡ್ವಿಟ್‌ಗಳ ಮೈತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಕೊಬ್ಬು. ಅದಕ್ಕೆ ಜಾಗ ಮಾಡಿಕೊಡಲು ಜಠರ, ಕರುಳು, ಯಕೃತ್ತುಗಳು ಕುಗ್ಗಿರುತ್ತವೆ. ದಾರಿಯಲ್ಲಿ ಉಣ್ಣುವುದಿಲ್ಲವೆಂದ ಮೇಲೆ ಅಡುಗೆಮನೆಯನ್ನು ಹೊತ್ತೊಯ್ಯುವುದೇಕೆ? ಇಳಿದ ಮೇಲೆ ಮತ್ತೆ ಕಟ್ಟಿಕೊಂಡರಾಯಿತು.

ಆ ಕೊಬ್ಬು ಬರುವುದು ಕೆಸರಿನಿಂದ. ಏಪ್ರಿಲ್ ಹೊತ್ತಿಗೆ ಅಳಿವೆಯ ಹಕ್ಕಿಗಳು ದುಂಡಗಾಗಿ, ಪ್ಲೋವರುಗಳ ಎದೆಗೆ ಇಟ್ಟಿಗೆಯ ಕೆಂಪು ಏರಿರುತ್ತದೆ. ನೋಡನೋಡುತ್ತ ಒಂದು ಸಂಜೆ ಹಿಂಡು ಎದ್ದು ಹೋಗುತ್ತದೆ. ಒಯ್ಯುವುದು ನಮ್ಮ ನೆಲದ ಹುಳ, ಏಡಿ, ಚಿಪ್ಪಿಗಳನ್ನೇ, ಇಂಧನವಾಗಿಸಿಕೊಂಡು.

ಖಾಲಿ ಜಾಗ

ಇಂಥ ನೆಲವನ್ನು ನಮ್ಮ ಕಡತಗಳು ಬಹಳ ಕಾಲ ಪಾಳು ಜೌಗು ಎಂದೇ ಕರೆದವು. ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದು, ಜನರ ವಿರೋಧದ ನಂತರ ಬಿದ್ದುಹೋಯಿತು. ಅಘನಾಶಿನಿ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಬಳಚು ಮುಂತಾದ ಚಿಪ್ಪಿ ಮೇಲೆ ಬರುತ್ತಿತ್ತು, ಎರಡು ಸಾವಿರಕ್ಕೂ ಹೆಚ್ಚು ಜನ ಅದನ್ನೇ ನಂಬಿದ್ದರು ಎಂದು ಭಾರತೀಯ ವಿಜ್ಞಾನ ಸಂಸ್ಥೆಯವರು 2008ರಲ್ಲಿ ಲೆಕ್ಕ ಕೊಟ್ಟಿದ್ದರು. ಪಾಳು ನೆಲದ ಫಸಲು ಅದು.

ಒಂದು ಅಳಿವೆ ಹೋದರೆ ಹಕ್ಕಿ ಪಕ್ಕದೂರಿಗೆ ಹೋಗುತ್ತದೆ ಎನ್ನುವವರಿದ್ದಾರೆ. ದಕ್ಷಿಣ ಕೊರಿಯಾದ ಸೇಮಂಗಂನಲ್ಲಿ 2006ರಲ್ಲಿ 33 ಕಿಲೋಮೀಟರ್ ಉದ್ದದ ತಡೆಗೋಡೆ ಕಟ್ಟಿ ಎರಡು ನದಿಗಳ ಅಳಿವೆಯನ್ನು ಕಡಲಿನಿಂದ ಬೇರ್ಪಡಿಸಿದರು. ಅಲ್ಲಿ ತಂಗುತ್ತಿದ್ದ ಗ್ರೇಟ್ ನಾಟ್ ಗೊರವಗಳು ಪಕ್ಕದ ಅಳಿವೆಗಳಲ್ಲಿ ಆ ಸಂಖ್ಯೆಯಲ್ಲಿ ಕಾಣಿಸಲಿಲ್ಲ. ಬದಲಿಗೆ ಅವು ಚಳಿಗಾಲ ಕಳೆಯುವ ಆಸ್ಟ್ರೇಲಿಯಾದ ತೀರದಲ್ಲಿ ಎಣಿಕೆ ಕುಸಿಯಿತು. ಪಕ್ಕದೂರಿನ ಪಂಕ್ತಿಯಲ್ಲೂ ಎಲೆಗಳು ಮೊದಲೇ ತುಂಬಿರುತ್ತವೆ. ಇನ್ನೊಂದು ಗೊರವ, ಸಪೂರ ಕೊಕ್ಕಿನ ಸ್ಲೆಂಡರ್-ಬಿಲ್ಡ್ ಕರ್ಲ್ಯೂ, ಕೊನೆಯದಾಗಿ ಖಚಿತವಾಗಿ ಕಂಡದ್ದು 1995ರಲ್ಲಿ, ಮೊರಾಕೊದ ಮೆರ್ಜಾ ಜೆರ್ಗಾ ಎಂಬ ಕಡಲಂಚಿನ ಜೌಗಿನಲ್ಲಿ. 2025ರಲ್ಲಿ ಅದನ್ನು ಅಳಿದುಹೋದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ನೋಡಲು ಹೊರಡುವವರಿಗೆ ಬೇಕಾದದ್ದು ಹೆಚ್ಚೇನಿಲ್ಲ. ಎಂಟು ಪಟ್ಟು ಹಿಗ್ಗಿಸುವ ಸಾಧಾರಣ ದುರ್ಬೀನು, ಸೂರ್ಯ ಬೆನ್ನಿಗಿರುವಂಥ ಜಾಗ, ಮಾಸಲು ಬಣ್ಣದ ಅಂಗಿ, ಕೂತಲ್ಲೇ ಕೂರುವ ತಾಳ್ಮೆ. ನಾಯಿ ಬೇಡ, ಡ್ರೋನ್ ಬೇಡ. ಚಿತ್ರಕ್ಕಾಗಿ ಹಿಂಡನ್ನು ಒಮ್ಮೆ ಎಬ್ಬಿಸಿದರೆ ಅದು ಕೂಡಿಟ್ಟ ಕೊಬ್ಬಿನಲ್ಲಿ ಒಂದಿಷ್ಟನ್ನು ಕರಗಿಸಿದಂತೆ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದದ್ದು. ಎಣಿಸಲು ಬಂದವರಿಗೆ ಅಲ್ಲಿ ಕೆಲಸ ಇದ್ದೇ ಇದೆ.

ಮನೆ ಬಿಡುವ ಮೊದಲು ಆ ದಿನದ ಭರತ ಇಳಿತದ ವೇಳೆಯನ್ನು ನೋಡಿಕೊಳ್ಳಿ. ನೀರು ತುಂಬಿದ್ದಾಗ ಬಂದು, ಇಲ್ಲೇನೂ ಇಲ್ಲ ಎಂದು ಬರೆದುಕೊಂಡು ಹೋದವರು ಈಗಾಗಲೇ ಬೇಕಾದಷ್ಟು ಜನ ಇದ್ದಾರೆ.